ಮಗು ದುಡಿದ ಹಣ ಯಾರದು?



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸ್ಟುಡಿಯೋದಲ್ಲಿ ಮಕ್ಕಳ ಕಾರ್ಯಕ್ರಮವೊಂದರ ಚಿತ್ರೀಕರಣ ಆಗತಾನೇ ಮುಗಿದಿತ್ತು. ಎಂಟು ವರ್ಷದ ಹುಡುಗನೊಬ್ಬ ಅಂದು ಎರಡು ಹಾಡು ಹಾಡಿದ್ದ. ದೀಪಗಳನ್ನು ಆರಿಸಿದ ಮೇಲೆ ಸಂಭಾವನೆಯ ರಸೀದಿಗೆ ಸಹಿ ಬೇಕಲ್ಲ? ಹುಡುಗ ಇನ್ನೂ ಚಿಕ್ಕವನಾದ್ದರಿಂದ ಅವನ ತಂದೆಯಿಂದ ಸಹಿ ಪಡೆದೆವು. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಹುಡುಗ, "ಸಾರ್, ಹಾಡಿದ್ದು ನಾನು, ಸೈನ್ ಮಾಡಿದ್ದು ಅಪ್ಪ. ಹಾಗಾದ್ರೆ ದುಡ್ಡು ಯಾರದು?" ಎಂದು ಕೇಳಿಯೇಬಿಟ್ಟ. ತಂದೆ ನಕ್ಕರು, ನಾವೂ ನಕ್ಕೆವು. "ಮನೆಗೆ ಹೋಗಿ ಅಮ್ಮನ್ನ ಕೇಳು ಮರಿ" ಎಂದು ಹೇಳಿ ನಾನು ಜಾರಿಕೊಂಡೆ.

ಆ ಹುಡುಗ ಕೇಳಿದ ಪ್ರಶ್ನೆ ಹೊಸದೇನಲ್ಲ. ಅಮೆರಿಕದಲ್ಲಿ 1938ರಲ್ಲಿ ಒಬ್ಬ ಯುವಕ ಇದೇ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳಿದ. ಕೇಳಿದ್ದು ಯಾರನ್ನು ಗೊತ್ತೇ? ತನ್ನ ಹೆತ್ತ ತಾಯಿಯನ್ನು. ಅವನ ಹೆಸರು ಜಾಕಿ ಕೂಗನ್. ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಪ್ರಸಿದ್ಧನಾಗಿದ್ದ ಬಾಲನಟ.

ಕಾಲೇಜಿನಲ್ಲಿ ನಾನು ಓದಿದ್ದು ವಿಜ್ಞಾನ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠ ಇದು: ಒಂದೇ ಬಗೆಯ ಆರಂಭದಿಂದ ಬೇರೆ ಬೇರೆ ಫಲಿತಾಂಶಗಳು ಬಂದರೆ, ನಡುವೆ ಯಾವ ಅಂಶ ಬದಲಾಯಿತೆಂದು ಹುಡುಕಬೇಕು. ಹಾಲಿವುಡ್ಡಿನ ಮೊದಲ ತಲೆಮಾರಿನ ಬಾಲನಟರ ಚರಿತ್ರೆಯನ್ನು ನೋಡಿದಾಗಲೆಲ್ಲ ನನಗೆ ಆ ಪಾಠ ನೆನಪಾಗುತ್ತದೆ. ಎಲ್ಲರೂ ಪ್ರತಿಭಾವಂತರು, ಎಲ್ಲರೂ ಎಳೆಯ ವಯಸ್ಸಿನಲ್ಲೇ ಹೆಸರುವಾಸಿಗಳು. ಆದರೆ ಅವರಲ್ಲಿ ಒಬ್ಬಳು ರಾಯಭಾರಿಯಾದಳು, ಒಬ್ಬಳು ಇತಿಹಾಸ ಬರೆದಳು, ಒಬ್ಬ ವಿಮಾನ ಕಾರ್ಖಾನೆಗಳ ಉದ್ಯಮದಲ್ಲಿ ದುಡಿದ, ಇನ್ನೊಬ್ಬಳು 47ನೇ ವಯಸ್ಸಿಗೇ ತೀರಿಕೊಂಡಳು. ಹೀಗೇಕಾಯಿತು? ಈ ಸಂಚಿಕೆಯಲ್ಲಿ ನಾವು ಅದನ್ನು ವಿಚಾರಿಸೋಣ.

ಬೀದಿಯ ಹುಡುಗ

ಮೊದಲನೆಯ ಮಹಾಯುದ್ಧ ಮುಗಿದದ್ದು 1918ರಲ್ಲಿ. ಅದೇ ಕಾಲದಲ್ಲಿ ಹರಡಿದ ಇನ್‌ಫ್ಲುಯೆಂಜಾ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಲೋಕದ ತುಂಬ ತಬ್ಬಲಿ ಮಕ್ಕಳಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ, 1921ರಲ್ಲಿ, ಚಾರ್ಲಿ ಚಾಪ್ಲಿನ್ ಅವರ 'ದಿ ಕಿಡ್' ತೆರೆಗೆ ಬಂತು. ತಾಯಿ ಬಿಟ್ಟುಹೋದ ಕೂಸನ್ನು ಬಡ ಅಲೆಮಾರಿಯೊಬ್ಬ ಸಾಕುವ ಕಥೆ. ಹುಡುಗ ಕಲ್ಲೆಸೆದು ಕಿಟಕಿಯ ಗಾಜು ಒಡೆಯುವುದು, ಹಿಂದೆಯೇ ಅಲೆಮಾರಿ ಹೊಸ ಗಾಜು ಹಾಕಲು ಬರುವುದು, ಹೀಗೆ ಇಬ್ಬರದೂ ಪಾಲುದಾರಿಕೆಯ ವ್ಯಾಪಾರ! ಆ ಹುಡುಗನೇ ಜಾಕಿ ಕೂಗನ್. ಹುಟ್ಟಿದ್ದು 1914ರ ಅಕ್ಟೋಬರ್ 26ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ರಂಗಭೂಮಿಯ ಹಾಸ್ಯನಟ. ತಂದೆಯ ಜತೆ ವೇದಿಕೆ ಹತ್ತಿದ್ದ ಪುಟ್ಟ ಜಾಕಿಯನ್ನು ಕಂಡು ಚಾಪ್ಲಿನ್ ಬೆರಗಾದರು.

ಚಾಪ್ಲಿನ್ ಅವರೂ ಬಾಲ್ಯದಲ್ಲಿ ವೇದಿಕೆಯ ಮೇಲೆ ಕುಣಿದು ದುಡಿದವರೇ. ಲಂಡನ್ನಿನ ಬಡವರ ಆಶ್ರಮದಲ್ಲಿ ಕಾಲ ಕಳೆದ ಅನುಭವವೂ ಅವರಿಗಿತ್ತು. ಆದ್ದರಿಂದಲೇ ಅಧಿಕಾರಿಗಳು ಹುಡುಗನನ್ನು ಎಳೆದೊಯ್ಯುವ ದೃಶ್ಯ ಇಂದಿಗೂ ನೋಡಿದವರ ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಆ ಅಳು ಬಂದದ್ದು ಹೇಗೆ? ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಅದನ್ನು ಮರೆಮಾಚದೆ ಹೇಳಿದ್ದಾರೆ. ಅಂದು ಹುಡುಗ ಆಟದ ಉತ್ಸಾಹದಲ್ಲಿದ್ದ, ಏನು ಮಾಡಿದರೂ ಅಳು ಬರಲಿಲ್ಲ. ಅಳದಿದ್ದರೆ ನಿಜವಾಗಿಯೂ ಆಶ್ರಮಕ್ಕೆ ಕಳಿಸಿಬಿಡುತ್ತಾರೆಂದು ತಂದೆ ಹೆದರಿಸಿದರು. ಹುಡುಗ ಬಿಕ್ಕಿ ಬಿಕ್ಕಿ ಅತ್ತ, ಕ್ಯಾಮೆರಾ ತಿರುಗಿತು.

'ದಿ ಕಿಡ್' ಬಂದ ಮೇಲೆ ಜಾಕಿಯ ಹೆಸರಿನಲ್ಲಿ ಗೊಂಬೆ, ಪೀಪಿ, ಕಡಲೆಕಾಯಿ ಬೆಣ್ಣೆ ಎಲ್ಲವೂ ಮಾರಾಟವಾದವು. 1924ರಲ್ಲಿ ಯುದ್ಧದಿಂದ ನಿರಾಶ್ರಿತರಾದ ಮಕ್ಕಳ ಸಹಾಯಕ್ಕಾಗಿ ಅವನು ಅಮೆರಿಕ ಮತ್ತು ಯುರೋಪಿನಲ್ಲಿ ಪ್ರವಾಸ ಮಾಡಿದ. ಬಟ್ಟೆ, ಆಹಾರ ಎಲ್ಲ ಸೇರಿ ಸಂಗ್ರಹವಾದ ನೆರವಿನ ಮೌಲ್ಯ ಹತ್ತು ಲಕ್ಷ ಡಾಲರುಗಳನ್ನು ಮೀರಿತ್ತು. ಹುಡುಗ ಬೆಳೆದು ಉದ್ದ ಕೂದಲು ಕತ್ತರಿಸಿಕೊಂಡಾಗ ಅದೂ ಪತ್ರಿಕೆಗಳಿಗೆ ಸುದ್ದಿಯಾಯಿತು. ಅದೇ ನೆಪದಲ್ಲಿ 1927ರಲ್ಲಿ ಒಂದು ಚಿತ್ರವನ್ನೇ ತೆಗೆದರು! ಬಾಲ್ಯದಲ್ಲಿ ಅವನ ಗಳಿಕೆ ಒಟ್ಟು 30ರಿಂದ 40 ಲಕ್ಷ ಡಾಲರ್ ಎಂದು ಅಂದಾಜು. ಕೈಖರ್ಚಿಗೆ ಅವನಿಗೆ ಸಿಗುತ್ತಿದ್ದದ್ದು ವಾರಕ್ಕೆ ಆರೂಕಾಲು ಡಾಲರ್.

ದೀಪದ ಕೆಳಗೆ

ಆ ಕಾಲದ ಚಿತ್ರೀಕರಣ ಹೇಗಿತ್ತೆಂದು ನೀವು ಸ್ವಲ್ಪ ಊಹಿಸಿಕೊಳ್ಳಬೇಕು. ಇಂದು ನಾವು ಬಳಸುವ ತಂಪಾದ ಎಲ್‌ಇಡಿ ದೀಪಗಳು ಆಗ ಇರಲಿಲ್ಲ. ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಹಾಯಿಸಿ ಉರಿಸುವ ಆರ್ಕ್ ದೀಪಗಳಿದ್ದವು. ಅವುಗಳಿಂದ ಬೆಳಕಿನ ಜತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಹೊಮ್ಮುತ್ತಿದ್ದವು. ದಿನವಿಡೀ ಅವುಗಳೆದುರು ನಿಂತ ನಟರ ಕಣ್ಣು ಕೆಂಪಾಗಿ ಊದಿಕೊಂಡು ನೀರು ಸುರಿಯುತ್ತಿತ್ತು. ದೊಡ್ಡವರಿಗೇ ಹೀಗಾದರೆ ಎಳೆಯ ಕಣ್ಣುಗಳ ಗತಿಯೇನು?

ಜತೆಗೆ ಮಕ್ಕಳಿಂದ ಕೆಲಸ ತೆಗೆಯುವ ಉಪಾಯಗಳು ಬೇರೆ. 1931ರ 'ಸ್ಕಿಪ್ಪಿ' ಚಿತ್ರದಲ್ಲಿ ಜಾಕಿ ಕೂಪರ್ ಎಂಬ ಹುಡುಗ ಅಳಬೇಕಿತ್ತು. ನಿರ್ದೇಶಕ ನಾರ್ಮನ್ ಟಾರಾಗ್ ಆ ಹುಡುಗನ ಹತ್ತಿರದ ಬಂಧುವೇ. ಅಳದಿದ್ದರೆ ನಿನ್ನ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುತ್ತೇನೆಂದು ಅವರು ಹೆದರಿಸಿದರು. ನಾಯಿಗೆ ಏನೂ ಆಗಲಿಲ್ಲ. ಆದರೆ ಹುಡುಗನ ಅಳು ಬಹಳ ಹೊತ್ತು ನಿಲ್ಲಲಿಲ್ಲ. ಆ ಪಾತ್ರಕ್ಕೆ ಅವನ ಹೆಸರು ಶ್ರೇಷ್ಠ ನಟ ಆಸ್ಕರ್‌ಗೆ ನಾಮಕರಣವಾಯಿತು. ಆಗ ಅವನಿಗೆ 9 ವರ್ಷ. ಐವತ್ತು ವರ್ಷಗಳ ಅನಂತರ ಬರೆದ ಆತ್ಮಕಥೆಗೆ ಕೂಪರ್ ಇಟ್ಟ ಹೆಸರು, 'ದಯವಿಟ್ಟು ನನ್ನ ನಾಯಿಯನ್ನು ಕೊಲ್ಲಬೇಡಿ' ಎಂಬರ್ಥದ್ದು. ಪ್ರಶಸ್ತಿಗಿಂತ ಆ ಹೆದರಿಕೆಯೇ ಅವರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿತ್ತು.

ಮೂರು ನಾಲ್ಕು ವರ್ಷದ ಶರ್ಲಿ ಟೆಂಪಲ್ ಮೊದಲು ನಟಿಸಿದ ಕಿರುಚಿತ್ರಗಳ ಸೆಟ್ಟಿನಲ್ಲಿ, ಹೇಳಿದ ಮಾತು ಕೇಳದ ಮಕ್ಕಳನ್ನು ಕತ್ತಲೆಯ ಪೆಟ್ಟಿಗೆಯೊಂದರಲ್ಲಿ ಕೂಡಿಹಾಕುತ್ತಿದ್ದರು. ಒಳಗೆ ಕೂರಲು ಇದ್ದದ್ದು ಮಂಜುಗಡ್ಡೆ ಮಾತ್ರ. ಇದನ್ನು ಶರ್ಲಿ ಅವರೇ 1988ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ತೆರೆಯ ಮೇಲೆ ಕಾಣುವ ಮುದ್ದು ನಗೆಯ ಹಿಂದೆ ಇಂಥದೂ ಇತ್ತೆಂಬುದನ್ನು ಪ್ರೇಕ್ಷಕರು ಹೇಗೆ ತಿಳಿದಾರು?

ಐದು ವರ್ಷಕ್ಕೆ ಕೋಟ್ಯಧೀಶೆ, ಹತ್ತಕ್ಕೆ ಬಡವಿ

1918ರಲ್ಲಿ ಹುಟ್ಟಿದ ಪೆಗ್ಗಿ ಜೀನ್ ಮಾಂಟ್ಗೊಮರಿ 'ಬೇಬಿ ಪೆಗ್ಗಿ' ಎಂದು ಪ್ರಸಿದ್ಧಳಾದಳು. ತಂದೆ ಕುದುರೆ ಸವಾರ, ಸಾಹಸ ದೃಶ್ಯಗಳಲ್ಲಿ ನಾಯಕನ ಬದಲಿಗೆ ನಟಿಸುತ್ತಿದ್ದವರು. ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವ ಮಗುವೆಂಬ ಕಾರಣಕ್ಕೇ 19 ತಿಂಗಳ ಕೂಸಿಗೆ ಕೆಲಸ ಸಿಕ್ಕಿತು. ಮೂರು ನಾಲ್ಕು ವರ್ಷಗಳಲ್ಲಿ ಅವಳು ಸುಮಾರು 150 ಕಿರುಚಿತ್ರಗಳಲ್ಲಿ ನಟಿಸಿದಳು. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ದುಡಿಮೆ. ಶಾಲೆಯ ಮಾತೇ ಇಲ್ಲ. 1923ರ 'ದಿ ಡಾರ್ಲಿಂಗ್ ಆಫ್ ನ್ಯೂಯಾರ್ಕ್' ಚಿತ್ರಕ್ಕಾಗಿ ಬೆಂಕಿ ಹಚ್ಚಿದ್ದ ಕೋಣೆಯಲ್ಲಿ ಹೊರಬರಬೇಕಾದ ಬಾಗಿಲಿಗೇ ಬೆಂಕಿ ಹತ್ತಿ, ಮಗು ತಾನೇ ಕಿಟಕಿಯ ದಾರಿ ಹುಡುಕಿಕೊಂಡು ಪಾರಾಗಬೇಕಾಯಿತು.

1924ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನಕ್ಕೆ ಅವಳೇ ಶುಭಸಂಕೇತ. ಅದರ ಮರುವರ್ಷವೇ ಎಲ್ಲವೂ ಮುಗಿಯಿತು. ಸಂಬಳದ ವಿಚಾರದಲ್ಲಿ ತಂದೆಗೂ ನಿರ್ಮಾಪಕರಿಗೂ ಜಗಳವಾಗಿ ಕರಾರು ಮುರಿದುಬಿತ್ತು. ಆರು ವರ್ಷದ ಮಗುವಿಗೆ ಸ್ಟುಡಿಯೋಗಳ ಬಾಗಿಲು ಮುಚ್ಚಿತು. ಗಳಿಸಿದ್ದ ಹಣವನ್ನು ಲೆಕ್ಕವಿಲ್ಲದೆ ಖರ್ಚು ಮಾಡಿದ್ದರು. ಕುಟುಂಬದವರೊಬ್ಬರ ಕೈಗೆ ಕೊಟ್ಟದ್ದು ಕೈ ತಪ್ಪಿತು. ಮುಂದೆ ಹಾಡು, ಕುಣಿತ, ಹಾಸ್ಯಗಳ ಸಂಚಾರಿ ಪ್ರದರ್ಶನಗಳಲ್ಲಿ ಊರೂರು ತಿರುಗಿ ಅವಳು ಮತ್ತೆ ಸಂಪಾದಿಸಿದಳು. 1929ರ ಷೇರುಪೇಟೆಯ ಕುಸಿತದ ಹೊಡೆತಕ್ಕೆ ಅದೂ ಉಳಿಯಲಿಲ್ಲ. ಹರೆಯಕ್ಕೆ ಬಂದಾಗ ಅದೇ ಹಾಲಿವುಡ್ಡಿನಲ್ಲಿ, ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ನಟಿಯಾಗಿ ದಿನಗೂಲಿಗೆ ದುಡಿದಳು.

ಆದರೆ ಅವಳ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಶಾಲೆಗೆ ಸರಿಯಾಗಿ ಹೋಗದ ಹುಡುಗಿ ಪುಸ್ತಕಗಳಿಗೆ ಅಂಟಿಕೊಂಡಳು, ಹೆಸರನ್ನು ಡಯಾನಾ ಸೆರಾ ಕ್ಯಾರಿ ಎಂದು ಬದಲಾಯಿಸಿಕೊಂಡಳು, ಬರಹಗಾರ್ತಿಯಾದಳು. 1978ರಲ್ಲಿ ಅವರು ಬರೆದ 'ಹಾಲಿವುಡ್ಸ್ ಚಿಲ್ಡ್ರನ್' ಬಾಲನಟರ ಇತಿಹಾಸಕ್ಕೆ ಮುಖ್ಯ ಆಕರ. ಜಾಕಿ ಕೂಗನ್ ಅವರ ಜೀವನಚರಿತ್ರೆಯನ್ನೂ ಬರೆದರು. ಮಕ್ಕಳ ದುಡಿಮೆಯ ಹಕ್ಕುಗಳ ಪರವಾಗಿ ದನಿ ಎತ್ತಿದರು. 2020ರ ಫೆಬ್ರುವರಿಯಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಿರುಚಿತ್ರಗಳಲ್ಲಿ ಹೆಚ್ಚಿನವು 1926ರ ಸ್ಟುಡಿಯೋ ಬೆಂಕಿಯಲ್ಲಿ ಸುಟ್ಟುಹೋದವು. ಬರೆದ ಪುಸ್ತಕಗಳು ಉಳಿದುಕೊಂಡವು.

ಮಗ ಹೂಡಿದ ದಾವೆ

ಈಗ ಜಾಕಿ ಕೂಗನ್ ಬಳಿಗೆ ಹಿಂತಿರುಗೋಣ. 1935ರ ಮೇ ತಿಂಗಳಲ್ಲಿ ಒಂದು ಕಾರು ಅಪಘಾತವಾಯಿತು. ಕಾರಿನಲ್ಲಿದ್ದ ಜಾಕಿಯ ತಂದೆ, ಗೆಳೆಯನಾದ ಬಾಲನಟ ಜೂನಿಯರ್ ಡರ್ಕಿನ್ ಸೇರಿದಂತೆ ಎಲ್ಲರೂ ತೀರಿಕೊಂಡರು. ಬದುಕಿ ಉಳಿದವನು ಜಾಕಿ ಒಬ್ಬನೇ. ಅದೇ ಅಕ್ಟೋಬರಿನಲ್ಲಿ ಅವನಿಗೆ 21 ತುಂಬಿತು. ತನ್ನ ಗಳಿಕೆ ತನಗೆ ಬರುತ್ತದೆಂದು ಅವನು ನಂಬಿದ್ದ. ಆದರೆ ತಾಯಿ, ಮತ್ತು ಆಕೆ ಮರುಮದುವೆಯಾದ ಕುಟುಂಬದ ವ್ಯವಹಾರಸ್ಥ ಆರ್ಥರ್ ಬರ್ನ್‌ಸ್ಟೀನ್, ಕೊಡಲು ಒಪ್ಪಲಿಲ್ಲ. ಕಾನೂನಿನ ಪ್ರಕಾರ 21 ತುಂಬುವವರೆಗೆ ಮಗ ಗಳಿಸಿದ್ದೆಲ್ಲವೂ ತಂದೆ ತಾಯಿಯದು ಎಂಬುದು ಅವರ ವಾದ.

ಬೇಸರದ ಸಂಗತಿಯೆಂದರೆ, ಕಾನೂನು ನಿಜಕ್ಕೂ ಹಾಗೆಯೇ ಇತ್ತು. ಏಕೆ? ಆ ಕಾನೂನು ಹುಟ್ಟಿದ್ದು ಹೊಲ ಗದ್ದೆಗಳ ಕಾಲದಲ್ಲಿ. ತಂದೆ ತಾಯಿ ಮಗುವಿಗೆ ಅನ್ನ, ಬಟ್ಟೆ, ಸೂರು ಕೊಡುತ್ತಾರೆ, ಆದ್ದರಿಂದ ಮಗು ಮಾಡುವ ಕೆಲಸದ ಫಲ ಮನೆಗೆ ಸೇರಬೇಕು. ಬೇಸಾಯದ ಮನೆಯಲ್ಲಿ ಇದು ಸಹಜವಾಗಿಯೇ ತೋರುತ್ತಿತ್ತು. ಆದರೆ ಐದು ವರ್ಷದ ಹುಡುಗನೊಬ್ಬ ಇಡೀ ಮನೆಯನ್ನು ಸಾಕಿ, ಮೇಲೆ ಲಕ್ಷಗಟ್ಟಲೆ ಗಳಿಸಬಹುದೆಂದು ಆ ಕಾನೂನು ಬರೆದವರು ಕನಸಿನಲ್ಲೂ ಎಣಿಸಿರಲಿಲ್ಲ. ಕಾಲ ಬದಲಾಗಿತ್ತು, ಕಾನೂನು ಬದಲಾಗಿರಲಿಲ್ಲ.

1938ರಲ್ಲಿ ಜಾಕಿ ದಾವೆ ಹೂಡಿದ. ಲೆಕ್ಕ ತೆಗೆದಾಗ ಉಳಿದಿದ್ದದ್ದು ಸುಮಾರು ಎರಡೂವರೆ ಲಕ್ಷ ಡಾಲರ್ ಮಾತ್ರ. 1939ರಲ್ಲಿ ರಾಜಿಯಾಗಿ ಅವನ ಪಾಲಿಗೆ ಬಂದದ್ದು 1,26,000 ಡಾಲರ್. ಆದರೆ ಈ ಪ್ರಕರಣ ಜನರ ಮನಸ್ಸನ್ನು ಕಲಕಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಬಾಲನಟರ ಕಾನೂನನ್ನು ಜಾರಿಗೆ ತಂದಿತು. ಜನ ಅದನ್ನು ಇಂದಿಗೂ 'ಕೂಗನ್ ಕಾನೂನು' ಎಂದೇ ಕರೆಯುತ್ತಾರೆ. ಮಗುವಿನ ಗಳಿಕೆಯ ಒಂದು ಭಾಗವನ್ನು ಮಗುವಿಗಾಗಿ ತೆಗೆದಿರಿಸುವಂತೆ ನ್ಯಾಯಾಲಯ ಆದೇಶ ನೀಡಬಹುದೆಂದು ಅದು ಹೇಳಿತು.

ಆದರೆ ಬೇಲಿಯಲ್ಲಿ ಕಿಂಡಿಗಳಿದ್ದವು. ಆ ರಕ್ಷಣೆ ಇದ್ದದ್ದು ನ್ಯಾಯಾಲಯದ ಒಪ್ಪಿಗೆಗೆ ಬಂದ ಕರಾರುಗಳಿಗೆ ಮಾತ್ರ. ನ್ಯಾಯಾಲಯದ ಮೆಟ್ಟಿಲು ಹತ್ತದ ಕರಾರಿನ ಮಗುವಿಗೆ ಏನೂ ಇಲ್ಲ. ಮಗುವಿನ ಗಳಿಕೆ ಮಗುವಿನದೇ ಆಸ್ತಿ ಎಂದು ಸ್ಪಷ್ಟವಾಗಿ ಸಾರುವ, ಶೇ. 15ರಷ್ಟನ್ನು ಕಡ್ಡಾಯವಾಗಿ ಪ್ರತ್ಯೇಕ ಖಾತೆಗೆ ಹಾಕುವ ತಿದ್ದುಪಡಿ ಜಾರಿಗೆ ಬಂದದ್ದು 2000ದ ಜನವರಿಯಲ್ಲಿ. ಅಂದರೆ ಜಾಕಿ ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಬರಲು 60 ವರ್ಷ ಹಿಡಿಯಿತು. ಅದನ್ನು ನೋಡಲು ಅವರು ಇರಲಿಲ್ಲ. 1984ರಲ್ಲೇ ತೀರಿಕೊಂಡಿದ್ದರು.

ಶರ್ಲಿ ಟೆಂಪಲ್

1924ರಲ್ಲಿ ಬೇಬಿ ಪೆಗ್ಗಿ ನಟಿಸಿದ್ದ 'ಕ್ಯಾಪ್ಟನ್ ಜನವರಿ' ಮೂಕಚಿತ್ರವನ್ನು 1936ರಲ್ಲಿ ಮತ್ತೆ ವಾಕ್ಚಿತ್ರವಾಗಿ ತೆಗೆದರು. ಈ ಬಾರಿ ಆ ಪಾತ್ರ ಮಾಡಿದ್ದು ಶರ್ಲಿ ಟೆಂಪಲ್. 1928ರಲ್ಲಿ ಹುಟ್ಟಿದ ಶರ್ಲಿ 1935ರಿಂದ 1938ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಸೆಳೆದ ತಾರೆ. ಆರ್ಥಿಕ ಮುಗ್ಗಟ್ಟಿನಿಂದ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಕುಳಿತಿದ್ದ ದಿನಗಳಲ್ಲಿ ಅವಳ ಹಾಡು, ಕುಣಿತ, ಗುಂಗುರು ಕೂದಲು ಅವರಿಗೆ ಒಂದಿಷ್ಟು ಸಮಾಧಾನ ನೀಡಿದವು.

ಸ್ಟುಡಿಯೋದವರು ಅವಳ ವಯಸ್ಸನ್ನು ಒಂದು ವರ್ಷ ಕಡಿಮೆ ಮಾಡಿ ಪ್ರಚಾರ ಮಾಡಿದ್ದರು. ತನಗೆ 12 ತುಂಬಿತೆಂದುಕೊಂಡ ಹುಟ್ಟುಹಬ್ಬದಂದು, ತುಂಬಿದ್ದು 13 ಎಂದು ಅವಳಿಗೆ ತಿಳಿಯಿತು. ಬಾಲ್ಯದ ಒಂದು ವರ್ಷವನ್ನೇ ಯಾರೋ ಕದ್ದಂತೆ! ಹಣದ ಕಥೆ ಇನ್ನೂ ಕಷ್ಟದ್ದು. ತಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರು. 1950ರಲ್ಲಿ ಲೆಕ್ಕ ನೋಡಿದಾಗ, ಗಳಿಸಿದ್ದ 32 ಲಕ್ಷ ಡಾಲರಿನಲ್ಲಿ ಅವಳಿಗಾಗಿ ಉಳಿದಿದ್ದದ್ದು 44 ಸಾವಿರ. ಕೂಗನ್ ಕಾನೂನು ಬಂದು ಆಗಲೇ 11 ವರ್ಷಗಳಾಗಿದ್ದವು. ಆದರೆ ಶರ್ಲಿ ತಂದೆಯ ಮೇಲೆ ದಾವೆ ಹೂಡಲಿಲ್ಲ, ಜಗಳವನ್ನೂ ಆಡಲಿಲ್ಲ.

ಆಕೆಯ ಕೈ ಹಿಡಿದದ್ದು ಬೇರೆಯದೇ ದಾರಿ. ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಬೇಡಿಕೆ ಕುಗ್ಗಿದಾಗ ತಂದೆ ತಾಯಿ ಅವಳನ್ನು ಶಾಲೆಗೆ ಸೇರಿಸಿದರು. ಓರಗೆಯವರ ಜತೆ ಕೂತು ಪಾಠ ಕೇಳುವ ಅವಕಾಶ ಅವಳಿಗೆ ಸಿಕ್ಕಿತು. 1950ರ ಹೊತ್ತಿಗೆ ಚಿತ್ರರಂಗಕ್ಕೆ ನಮಸ್ಕಾರ ಹೇಳಿದ ಆಕೆ ಮುಂದೆ ಸಾರ್ವಜನಿಕ ಜೀವನಕ್ಕೆ ಬಂದರು. 1969ರಲ್ಲಿ ವಿಶ್ವಸಂಸ್ಥೆಗೆ ಅಮೆರಿಕದ ಪ್ರತಿನಿಧಿ, 1974ರಿಂದ 1976ರವರೆಗೆ ಘಾನಾ ದೇಶಕ್ಕೆ ರಾಯಭಾರಿ, 1989ರಿಂದ 1992ರವರೆಗೆ ಚೆಕೊಸ್ಲೊವಾಕಿಯಾಕ್ಕೆ ರಾಯಭಾರಿ. ಆ ದೇಶದಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ದಿನಗಳಿಗೆ ಅವರು ಕಣ್ಣಾರೆ ಸಾಕ್ಷಿಯಾದರು. 2014ರಲ್ಲಿ ನಿಧನರಾದರು.

ಕಾರಾಪುರದ ಸಾಬು

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಹುಡುಗನೊಬ್ಬನಿದ್ದಾನೆಂದು ನಿಮಗೆ ಗೊತ್ತೇ? 1924ರ ಜನವರಿ 27ರಂದು ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಸಾಬು ಮಾವುತನ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮಹಾರಾಜರ ಆನೆಲಾಯದ ಆಶ್ರಯದಲ್ಲಿ ಬೆಳೆದವನು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕರು ಲಂಡನ್ನಿನ ಚಿತ್ರಸಂಸ್ಥೆಯೊಂದರ ಪರವಾಗಿ 'ಎಲಿಫೆಂಟ್ ಬಾಯ್' ಚಿತ್ರ ತೆಗೆಯಲು ಮೈಸೂರಿಗೆ ಬಂದರು. ಆನೆಯ ಪಾತ್ರಕ್ಕೆ ಅರಮನೆಯ ಐರಾವತ, ಹುಡುಗನ ಪಾತ್ರಕ್ಕೆ ಸಾಬು. ನಟಿಸಲು ಯಾರೂ ಕಲಿಸಿರಲಿಲ್ಲ. ಆನೆಯ ಜತೆ ಇರುವುದು ಅವನಿಗೆ ಉಸಿರಾಡಿದಷ್ಟು ಸಲೀಸು.

ಉಳಿದ ಭಾಗದ ಚಿತ್ರೀಕರಣಕ್ಕೆ ಅಣ್ಣನ ಜತೆ ಇಂಗ್ಲೆಂಡಿಗೆ ಹೋದ ಸಾಬು ಅಲ್ಲಿಯೇ ಶಾಲೆಗೆ ಸೇರಿ ಇಂಗ್ಲಿಷ್ ಕಲಿತ. 1937ರಲ್ಲಿ ಚಿತ್ರ ತೆರೆಕಂಡು, ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಪಡೆಯಿತು. 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರ ಅರ್ಧಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಶುರುವಾಗಿ, ಉಳಿದ ಚಿತ್ರೀಕರಣ ಅಮೆರಿಕಕ್ಕೆ ವರ್ಗವಾಯಿತು. ಹೀಗೆ ಕಬಿನಿ ತೀರದ ಹುಡುಗ ಹಾಲಿವುಡ್ಡಿಗೆ ಬಂದಿಳಿದ. 1942ರ 'ಜಂಗಲ್ ಬುಕ್'ನಲ್ಲಿ ಅವನೇ ಮೌಗ್ಲಿ.

ಸಾಬು ಬೆಳೆದು ದೊಡ್ಡವನಾದ. ಆದರೆ ಹಾಲಿವುಡ್ ಅವನಿಗಾಗಿ ಇಟ್ಟಿದ್ದ ಪಾತ್ರ ಬೆಳೆಯಲಿಲ್ಲ. ಮತ್ತೆ ಮತ್ತೆ ಅದೇ ಕಾಡು, ಅದೇ ಆನೆ, ಅದೇ ಪೇಟ. ಬಿಳಿಯ ಬಾಲನಟರಿಗೆ ಕನಿಷ್ಠ ಪ್ರೇಮಿಯ, ಸೈನಿಕನ, ಗುಮಾಸ್ತನ ಪಾತ್ರವಾದರೂ ಸಿಗುತ್ತಿತ್ತು. ಅಂದಿನ ಹಾಲಿವುಡ್ಡಿನಲ್ಲಿ ಭಾರತೀಯ ಯುವಕನೊಬ್ಬ ಸಾಮಾನ್ಯ ಮನುಷ್ಯನ ಪಾತ್ರ ಮಾಡುವಂತಿರಲಿಲ್ಲ. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 39 ವರ್ಷ.

ಇತಿಹಾಸದ ಒಂದು ವಿಚಿತ್ರ ಯೋಗಾಯೋಗವನ್ನು ಇಲ್ಲಿ ಗಮನಿಸಿ. ಯುದ್ಧಕಾಲದಲ್ಲಿ ಜಾಕಿ ಕೂಗನ್ ಗ್ಲೈಡರ್ ಪೈಲಟ್ ಆಗಿ, ಅಂದರೆ ಎಂಜಿನ್ ಇಲ್ಲದ ವಿಮಾನದ ಚಾಲಕನಾಗಿ, ಸೈನ್ಯದಲ್ಲಿದ್ದರು. 1944ರ ಮಾರ್ಚ್ 5ರ ರಾತ್ರಿ ಬ್ರಿಟಿಷ್ ಪಡೆಗಳನ್ನು ಹೊತ್ತ ಗ್ಲೈಡರುಗಳು ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟು ಬರ್ಮಾದ ಕಾಡಿನ ನಡುವೆ, ಜಪಾನೀ ಸೈನ್ಯದ ಬೆನ್ನ ಹಿಂದೆ ಇಳಿದವು. ಆ ಕಾರ್ಯಾಚರಣೆಯಲ್ಲಿ ಕೂಗನ್ ಇದ್ದರು. ಅದೇ ವರ್ಷ ಅಮೆರಿಕದ ಪೌರತ್ವ ಪಡೆದ ಸಾಬು ಅಮೆರಿಕದ ವಾಯುಪಡೆ ಸೇರಿ, ಪೆಸಿಫಿಕ್ ಸಾಗರದ ಮೇಲೆ ಹಾರುವ ಬಾಂಬರ್ ವಿಮಾನದಲ್ಲಿ ಬಂದೂಕುಗಾರರಾದರು. ಶೌರ್ಯಕ್ಕಾಗಿ ಪದಕವನ್ನೂ ಪಡೆದರು. ಅಮೆರಿಕದ ಬಾಲನಟ ಭಾರತದ ನೆಲದಿಂದ ಹಾರಿದ, ಮೈಸೂರಿನ ಬಾಲನಟ ಅಮೆರಿಕದ ವಿಮಾನದಲ್ಲಿ ಹಾರಿದ!

ಇನ್ನು ಕೆಲವರು

ಹಾಲ್ ರೋಚ್ 1922ರಲ್ಲಿ ಆರಂಭಿಸಿದ 'ಅವರ್ ಗ್ಯಾಂಗ್' ಮಾಲಿಕೆಯಲ್ಲಿ ಎರ್ನಿ ಮಾರಿಸನ್ ಎಂಬ ಕಪ್ಪು ಹುಡುಗನಿದ್ದ. ಹಾಲಿವುಡ್ಡಿನಲ್ಲಿ ದೀರ್ಘಾವಧಿಯ ಕರಾರು ಪಡೆದ ಮೊದಲ ಕಪ್ಪು ಕಲಾವಿದರಲ್ಲಿ ಅವನೂ ಒಬ್ಬ. ದೊಡ್ಡವನಾದ ಮೇಲೆ ನಟನೆಯನ್ನು ಬಿಟ್ಟು, ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಕೆಲಸ ಮಾಡಿ ನೆಮ್ಮದಿಯಿಂದ ಬಾಳಿದರು. ನಾಯಿಗಾಗಿ ಅತ್ತಿದ್ದ ಜಾಕಿ ಕೂಪರ್ ಕ್ಯಾಮೆರಾದ ಹಿಂದಿನ ಕೆಲಸ ಕಲಿತು, ಟೆಲಿವಿಷನ್ ನಿರ್ದೇಶಕರಾಗಿ ಎಮ್ಮಿ ಪ್ರಶಸ್ತಿಗಳನ್ನು ಗಳಿಸಿದರು. ಗಾಯಕಿ ಡಿಯಾನಾ ಡರ್ಬಿನ್ ಖ್ಯಾತಿಯ ಶಿಖರದ ದಿನಗಳು ಮುಗಿಯುತ್ತಿದ್ದಂತೆ ತಾವೇ ಹೊರನಡೆದು, ಫ್ರಾನ್ಸಿನಲ್ಲಿ ಯಾರ ಕಣ್ಣಿಗೂ ಬೀಳದೆ 2013ರವರೆಗೆ ಬದುಕಿದರು.

ಎಲ್ಲರಿಗೂ ಈ ಭಾಗ್ಯ ಇರಲಿಲ್ಲ. ಜೂಡಿ ಗಾರ್ಲೆಂಡ್‌ಗೆ ಹದಿಹರೆಯದಲ್ಲೇ ತೂಕ ಇಳಿಸಲು, ಎಚ್ಚರವಾಗಿರಲು, ನಿದ್ದೆ ಮಾಡಲು ಮಾತ್ರೆಗಳ ಅಭ್ಯಾಸ ಹತ್ತಿಸಿದರು. 1969ರಲ್ಲಿ, 47ನೇ ವಯಸ್ಸಿನಲ್ಲಿ, ಮಾತ್ರೆಗಳ ಅತಿಸೇವನೆಯಿಂದಲೇ ಅವರ ಸಾವು ಬಂತು. ಆರು ವರ್ಷದಿಂದ ಕ್ಯಾಮೆರಾ ಮುಂದೆ ದುಡಿದ ಮಿಕ್ಕಿ ರೂನಿ 2011ರಲ್ಲಿ, 90ನೇ ವಯಸ್ಸಿನಲ್ಲಿ, ಅಮೆರಿಕದ ಸೆನೆಟ್ ಸಮಿತಿಯೆದುರು ನಿಂತು, ತಮ್ಮದೇ ಕುಟುಂಬದವರು ತಮ್ಮ ಹಣ ಮತ್ತು ಬದುಕನ್ನು ವಶಪಡಿಸಿಕೊಂಡರೆಂದು ಹೇಳಿಕೊಂಡರು. ಮಗುವಿನಂತೆಯೇ ಮುದುಕನೂ ತನ್ನ ಹಣದ ಮೇಲೆ ಹಿಡಿತ ಕಳೆದುಕೊಳ್ಳಬಹುದು ಎಂಬುದಕ್ಕೆ ಇದು ನಿದರ್ಶನ.

ಬದಲಾದ ಅಂಶ ಯಾವುದು?

ಆರಂಭದಲ್ಲಿ ಹೇಳಿದ ಪ್ರಯೋಗದ ಪ್ರಶ್ನೆಗೆ ಈಗ ಬರೋಣ. ಪ್ರತಿಭೆ ಇವರೆಲ್ಲರಲ್ಲೂ ಇತ್ತು, ಆದ್ದರಿಂದ ವ್ಯತ್ಯಾಸಕ್ಕೆ ಅದು ಕಾರಣವಲ್ಲ. ಹಣವೊಂದೇ ಕಾರಣವೆನ್ನಲೂ ಆಗದು. ಪೆಗ್ಗಿ, ಶರ್ಲಿ ಇಬ್ಬರೂ ಗಳಿಸಿದ್ದನ್ನು ಕಳೆದುಕೊಂಡವರೇ, ಆದರೂ ಎದ್ದು ನಿಂತರು. ಮುಖದ ಮುದ್ದು ಕರಗಿದ ಮೇಲೆ ಮಾಡಲು ಇನ್ನೊಂದು ಕೆಲಸ ಇದ್ದವರು ಗಟ್ಟಿಯಾಗಿ ಉಳಿದುಕೊಂಡರು ಎಂದು ನನಗೆ ತೋರುತ್ತದೆ. ಒಬ್ಬರಿಗೆ ಪುಸ್ತಕ, ಒಬ್ಬರಿಗೆ ರಾಜತಂತ್ರ, ಒಬ್ಬರಿಗೆ ಕ್ಯಾಮೆರಾ, ಒಬ್ಬರಿಗೆ ಕಾರ್ಖಾನೆ. ಆದರೆ ಇನ್ನೊಂದು ಕೆಲಸ ಕಲಿಯಲು ಸಮಯ ಬೇಕು, ಶಾಲೆ ಬೇಕು, ಬೇಡ ಎನ್ನುವ ಸ್ವಾತಂತ್ರ್ಯ ಬೇಕು. ಮಗುವಿನ ಹಣ ಮಗುವಿನ ಹೆಸರಿನಲ್ಲಿದ್ದರೆ ಈ ಮೂರೂ ಸುಲಭ. ಇಲ್ಲದಿದ್ದರೆ ಪೆಗ್ಗಿಯಂತೆ ನಡುವಯಸ್ಸಿನವರೆಗೆ ಹೆಣಗಬೇಕು. ಸಾಬುವಿನ ಕಥೆ ಇನ್ನೊಂದು ಮಾತನ್ನೂ ಹೇಳುತ್ತದೆ. ಸಮಾಜವೇ ಬಾಗಿಲು ಮುಚ್ಚಿದಲ್ಲಿ ವ್ಯಕ್ತಿಯ ಶ್ರಮವೊಂದೇ ಸಾಲದು.

ನಮ್ಮ ದೇಶದಲ್ಲೂ ಈ ವಿಷಯದಲ್ಲಿ ನಿಯಮಗಳು ಬಂದಿವೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು, 2017ರಲ್ಲಿ ನಿಯಮಗಳನ್ನು ರೂಪಿಸಲಾಯಿತು. ಅವುಗಳ ಪ್ರಕಾರ ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಜಿಲ್ಲಾ ದಂಡಾಧಿಕಾರಿಯ ಅನುಮತಿಯೂ ಬೇಕು. ನಿಯಮ ಕಾಗದದ ಮೇಲಿದ್ದರೆ ಸಾಲದು ಎಂಬುದನ್ನು ಶರ್ಲಿಯ 44 ಸಾವಿರ ಡಾಲರ್ ನಮಗೆ ತೋರಿಸಿಕೊಟ್ಟಿದೆ. ಅದನ್ನು ತಿಳಿದ ಜನ, ಕೇಳುವ ಜನ ಇರಬೇಕು. ನಿಮ್ಮ ತಂಗಿಯೋ ತಮ್ಮನೋ ನಾಳೆ ಕ್ಯಾಮೆರಾ ಮುಂದೆ ನಿಂತರೆ, ಕೇಳಬೇಕಾದವರು ನೀವೇ.

ಆ ಎಂಟು ವರ್ಷದ ಹುಡುಗ ಈಗ ನಿಮ್ಮ ವಯಸ್ಸಿನವನಾಗಿರಬೇಕು. ಈ ಪುಟ ಅವನ ಕಣ್ಣಿಗೆ ಬಿದ್ದರೆ, ಅಂದು ತಪ್ಪಿಸಿಕೊಂಡ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ದುಡ್ಡು ನಿನ್ನದು ಮರಿ. ಅಪ್ಪ ಸಹಿ ಮಾಡಿದ್ದು ಅದನ್ನು ನಿನಗಾಗಿ ಕಾಯಲು.

ಚರ್ಚೆಗೆ ಮೂರು ಪ್ರಶ್ನೆಗಳು

1. ಬೇಸಾಯದ ಮನೆಯಲ್ಲಿ ಮಗು ಮಾಡುವ ಕೆಲಸಕ್ಕೂ ಸ್ಟುಡಿಯೋದಲ್ಲಿ ಮಗು ಮಾಡುವ ಕೆಲಸಕ್ಕೂ ಇರುವ ವ್ಯತ್ಯಾಸವೇನು?

2. ಜಾಕಿ ಕೂಗನ್ ದಾವೆ ಹೂಡಿದರು, ಶರ್ಲಿ ಟೆಂಪಲ್ ಹೂಡಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಏಕೆ?

3. ದೃಶ್ಯ ನೈಜವಾಗಿ ಬರಲೆಂದು ಮಗುವನ್ನು ಹೆದರಿಸಿ ಅಳಿಸುವುದು ಸರಿಯೇ? ಬೇರೆ ದಾರಿಗಳೇನಿರಬಹುದು?